ನಾಲ್ಕನೇ ಕಂಡಿಕೆ

ಮಗುವಿನ ನಿದ್ದೆಯನ್ನು ಎಲ್ಲರೂ ಗಡಿಯಾರ ನೋಡಿ ಅಳೆಯುತ್ತಾರೆ. ಝಾನ್ಸಿ ಅಳೆಯುತ್ತಿದ್ದುದು ಕಂಡಿಕೆಯಿಂದ. ಲಾಳಿಯ ಹೊಟ್ಟೆಯೊಳಗೆ ಕೂತು ನೂಲು ಬಿಚ್ಚಿಕೊಡುವ ಆ ಬೆರಳುದ್ದದ ಕೊಳವೆ ಒಂದು ಖಾಲಿಯಾಗಲು ಅವಳ ಕೈಯಲ್ಲಿ ಹತ್ತು ನಿಮಿಷ ಹಿಡಿಯುತ್ತಿತ್ತು. ಮಗಳು ಬುಜ್ಜಿಯನ್ನು ಸೀರೆಯ ಜೋಲಿಯಲ್ಲಿ ಮಲಗಿಸಿ, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳೆಂದರೆ ಒಂದು ಖಾಲಿ, ಎರಡು ಖಾಲಿ, ಮೂರೂ ಖಾಲಿ. ನಾಲ್ಕನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಜೋಲಿ ಅಲುಗಿ "ಊಂ" ಎನ್ನುತ್ತಿತ್ತು. ಝಾನ್ಸಿ ಥಟ್ಟನೆ ಮಗ್ಗ ನಿಲ್ಲಿಸಿ, ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದಳು. ಆಮೇಲೆ ಜೋಲಿಯ ಅಂಚಿನಿಂದ ಎರಡು ಕಪ್ಪು ಕಣ್ಣು ಇಣುಕುತ್ತಿದ್ದವು. ಅಲ್ಲಿಗೆ ಆ ಹೊತ್ತಿನ ನೇಯ್ಗೆ ಮುಗಿದ ಹಾಗೆಯೇ.

ಒಂದು ದಿನ ಹೀಗಾದರೆ ಆಯಿತು ಬಿಡು ಎನ್ನಬಹುದು. ಎರಡು ದಿನವಾದರೂ ಎನ್ನಬಹುದು. ಖಾಲಿ ಕಂಡಿಕೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ನಿದ್ದೆಗೊಂದು ಸಾಲಿನಂತೆ ಜೋಡಿಸುತ್ತ ಬಂದ ಝಾನ್ಸಿಗೆ ಹನ್ನೊಂದನೇ ದಿನಕ್ಕೆ ಮೈ ಜುಮ್ಮೆಂದಿತು. ಬೆಳಗಿನ ನಿದ್ದೆಯಿರಲಿ, ಮಧ್ಯಾಹ್ನದ್ದಿರಲಿ, ಸಂಜೆಯದಿರಲಿ, ಎಲ್ಲ ಸಾಲಿನಲ್ಲೂ ಮೂರೇ ಮೂರು. ನಾಲ್ಕೂವರೆ ತಿಂಗಳ ಕೂಸಿಗೆ ಯಾರು ಹೇಳಿಕೊಟ್ಟರು ಈ ಲೆಕ್ಕ?

ಬರೀ ಕುತೂಹಲವಾಗಿದ್ದರೆ ಅವಳು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಂಧ್ರದ ಮಂಗಳಗಿರಿಯ ನೇಕಾರರ ಬೀದಿಯಲ್ಲಿದ್ದ ಅವರ ಮನೆಗೆ ಇದ್ದದ್ದು ಒಂದೇ ಮಗ್ಗ. ಗಂಡ ಭಾವನಾರಾಯಣ ಸಾಹುಕಾರರ ಶೆಡ್ಡಿನಲ್ಲಿ ನೇಯುತ್ತಿದ್ದ. ಮನೆಯ ಮಗ್ಗ ಝಾನ್ಸಿಯದು. ಅವಳು ಸೊಸೆಯಾಗಿ ಬಂದಾಗ ಅತ್ತೆ ಕೋಟಮ್ಮನೇ ಅವಳನ್ನು ಕುಣಿಯ ಅಂಚಿನಲ್ಲಿ ಕೂರಿಸಿ, ಕಾಲಿನ ಅಳತೆ ನೋಡಿ, ನಾಲ್ಕು ಬೆರಳು ಮಣ್ಣು ತೆಗೆಸಿ ಆಳ ಮಾಡಿಸಿದ್ದಳು. ಬಸುರಿಯಾಗಿ ಎಂಟು ತಿಂಗಳು ತುಂಬುವವರೆಗೂ ಝಾನ್ಸಿ ಅಲ್ಲಿ ನೇಯ್ದಿದ್ದಳು. ಅರ್ಧ ನೇಯ್ದು ಬಿಟ್ಟ ಆ ಹಾಸು ಇನ್ನೂ ಮುಗಿಯದೆ ಮಗ್ಗದ ಮೇಲೆ ಚಾಚಿಕೊಂಡಿತ್ತು. ಈಗ ಅದೇ ಕೋಟಮ್ಮ, ಮುಂದಿನ ಅಮಾವಾಸ್ಯೆಗೆ ಕುಣಿ ಮುಚ್ಚಿಸಿಬಿಡೋಣ ಎನ್ನುತ್ತಿದ್ದಳು.

"ಇನ್ನೆರಡು ತಿಂಗಳಿಗೆ ಅಂಬೆಗಾಲಿಡುತ್ತೆ ಕೂಸು. ಮನೆ ಮಧ್ಯೆ ಬಾಯಿ ತೆರಕೊಂಡು ಕೂತಿರೋ ಕುಣಿ ಯಾಕೆ? ನೀನೂ ಅಷ್ಟೇ ಅಮ್ಮಾಯ್, ಅತ್ತ ನೇಯ್ದ ಹಾಗೂ ಆಗಲ್ಲ, ಇತ್ತ ಮಗು ನೋಡ್ಕೊಂಡ ಹಾಗೂ ಆಗಲ್ಲ. ಅರ್ಧ ಗಂಟೆಗೊಂದು ಸಲ ಎದ್ದು ಓಡ್ತೀಯ. ಅದು ನೇಯ್ಗೆನಾ, ಕುಂಟಾಬಿಲ್ಲೆನಾ?"

ಅಮಾವಾಸ್ಯೆಯ ದಿನ ಆ ಬೀದಿಯಲ್ಲಿ ಯಾರೂ ನೇಯಲು ಮಗ್ಗ ಮುಟ್ಟುವುದಿಲ್ಲ. ಮುರಿದದ್ದು ಕಟ್ಟುವುದು, ಹಳೆಯದು ಬಿಚ್ಚುವುದು ಎಲ್ಲ ಅಂದೇ. ಭಾವನಾರಾಯಣನನ್ನು ಕೇಳಿದರೆ, "ಅಮ್ಮ ಹೇಳೋದ್ರಲ್ಲೂ ತಪ್ಪಿಲ್ಲ, ನೀನು ಹೇಳೋದ್ರಲ್ಲೂ ತಪ್ಪಿಲ್ಲ" ಎಂದು ಎರಡು ಕಡೆಗೂ ತಲೆಯಾಡಿಸುತ್ತಿದ್ದ. ಅಂಥ ಗಂಡಸರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಅವರಿಂದ ಕೆಟ್ಟದ್ದಾಗುವುದಿಲ್ಲ, ಒಳ್ಳೆಯದೂ ಆಗುವುದಿಲ್ಲ.

ಕುಣಿ ಮುಚ್ಚುವ ಮಾತು ಕೇಳಿದಾಗಲೆಲ್ಲ ಝಾನ್ಸಿ ಎದ್ದು ಹೋಗಿ ಕಿಟಕಿಯ ಕಂಡಿಕೆಗಳನ್ನು ಮತ್ತೊಮ್ಮೆ ಎಣಿಸುತ್ತಿದ್ದಳು. ಮಗಳೆಂದರೆ ಅವಳಿಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿಮೂರನೇ ವಯಸ್ಸಿನಿಂದ ಅವಳು ತನ್ನ ಪಾಡಿಗೆ ತಾನು ಇದ್ದ ಜಾಗವೆಂದರೆ ಮಗ್ಗದ ಮುಂದಿನ ಆ ಒಂದು ಮೊಳ ಅಗಲ ಮಾತ್ರ. ಅಲ್ಲಿ ಕೂತಾಗ ಯಾರೂ ಅವಳನ್ನು ಏಳು ಎನ್ನುತ್ತಿರಲಿಲ್ಲ. ಅಮಾವಾಸ್ಯೆಗೆ ಇನ್ನು ಉಳಿದದ್ದು ಹದಿನೈದೇ ದಿನ. ಅಷ್ಟರಲ್ಲಿ ಬುಜ್ಜಿಯ ನಾಲ್ಕನೇ ಕಂಡಿಕೆಯ ಗುಟ್ಟು ಒಡೆಯಬೇಕಿತ್ತು.

ಗುಟ್ಟು ಗೊತ್ತಿರುವವರಿಗೇನೂ ಕೊರತೆಯಿರಲಿಲ್ಲ. ಕೋಟಮ್ಮ ಮೊದಲು ದೃಷ್ಟಿ ಎಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮನೆಯವರೆಲ್ಲ ಕೆಮ್ಮಿದರು, ಬುಜ್ಜಿ ಎಂದಿನಂತೆ ನಾಲ್ಕನೇ ಕಂಡಿಕೆಗೆ ಎದ್ದಳು. ಆಮೇಲೆ ತಾಯಿ ಹುಳಿಯ ಗೋಂಗೂರ ಸೊಪ್ಪು ತಿಂದದ್ದಕ್ಕೆ ಮಗುವಿಗೆ ಹೊಟ್ಟೆನೋವು ಎಂದಾಯಿತು. ಐದು ದಿನ ಝಾನ್ಸಿ ಗೋಂಗೂರ ಮುಟ್ಟದೆ ಬೆಳ್ಳುಳ್ಳಿ ಖಾರದಪುಡಿಯಲ್ಲಿ ಅನ್ನ ಕಲಸಿ ತಿಂದಳು. ಕಿಟಕಿಯ ಸಾಲು ಬದಲಾಗಲಿಲ್ಲ. ಹಸಿವೆಯೇ ಎಂದು ನೋಡಿದರೆ, ಎದ್ದ ಮಗು ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿತ್ತು. ಹಸಿದ ಮಗು ಹಾಗೆ ಮಾಡುವುದಿಲ್ಲ.

ಕೊನೆಗೆ ಕೋಟಮ್ಮ ಮಗ್ಗದ ಮೇಲೆಯೇ ಕೈ ತೋರಿಸಿದಳು. "ಈ ದಡಬಡ ಸದ್ದಿಗೆ ಎಮ್ಮೆ ಕೂಡ ಮಲಗಲ್ಲ. ಇನ್ನು ಮಗು ಮಲಗುತ್ತಾ?"

ಈ ಮಾತು ಝಾನ್ಸಿಯನ್ನು ಹೆದರಿಸಿತು. ನಿಜವಿದ್ದರೂ ಇರಬಹುದು. ಆದರೆ ಅವಳಿಗೆ ಹೋದ ತಿಂಗಳ ಅಮಾವಾಸ್ಯೆ ನೆನಪಾಯಿತು. ಅಂದು ಬೀದಿಗೆ ಬೀದಿಯೇ ಸದ್ದಿಲ್ಲದೆ ಬಿದ್ದಿತ್ತು. ಅವತ್ತಾದರೂ ಕೂಸು ಚೆನ್ನಾಗಿ ಮಲಗಬೇಕಿತ್ತಲ್ಲ? ಅಂದು ಮಲಗಿದ್ದು ಗಡಿಯಾರದ ಕಾಲು ಗಂಟೆ, ಅಂದರೆ ಒಂದೂವರೆ ಕಂಡಿಕೆ. ಲೋಟ ಇಟ್ಟರೆ ಬೆಚ್ಚಿದ್ದಳು, ಬಾಗಿಲು ಕಿರ್ರೆಂದರೆ ಬೆಚ್ಚಿದ್ದಳು.

"ಅವತ್ತು ಮಗ್ಗ ಆಡಲೇ ಇಲ್ವಲ್ಲ ಅತ್ತಯ್ಯ, ಮತ್ಯಾಕೆ ಇನ್ನೂ ಬೇಗ ಎದ್ದಳು?"

"ಅಮಾವಾಸ್ಯೆ ಕಣೇ. ಅಮಾವಾಸ್ಯೆ ಅಂದ್ರೆ ಮಕ್ಕಳಿಗೆ ಭಾರ" ಎಂದಳು ಕೋಟಮ್ಮ. ಉತ್ತರ ಗೊತ್ತಿಲ್ಲದ ಪ್ರಶ್ನೆ ಅವಳಿಗೆ ಇಷ್ಟು ವರ್ಷದಲ್ಲಿ ಎದುರಾಗಿಯೇ ಇರಲಿಲ್ಲ.

ಅಮಾವಾಸ್ಯೆಗೆ ಆರು ದಿನವಿರುವಾಗ ಮಗುವಿನ ಸೂಜಿಯ ಚೀಟಿ ನೋಡಿಹೋಗಲು ನರ್ಸ್ ರತ್ನಕುಮಾರಿ ಬಂದಳು. ಕೊರಳಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ದೊಡ್ಡ ಚೀಲ, ಬಾಯಲ್ಲಿ ಸದಾ ಒಂದು ಕುಚೋದ್ಯ. ಕಿಟಕಿಯ ಕಟ್ಟೆಯ ಕಂಡಿಕೆ ಸಾಲು ನೋಡಿ, "ಇದೇನಮ್ಮಾ ಝಾನ್ಸಿ, ಅಂಗಡಿ ಇಟ್ಟಿದ್ದೀಯ?" ಎಂದಳು. ಝಾನ್ಸಿ ಎಲ್ಲ ಹೇಳಿದಳು. ರತ್ನಕುಮಾರಿ ನಗುತ್ತ ಮಗುವಿನ ಅಂಗಾಲು ಕೆರೆದಳು.

"ನಿಮ್ಮ ಬೆಟ್ಟದ ಸ್ವಾಮಿ ಪಾನಕ ಅರ್ಧ ಕುಡಿದು ಅರ್ಧ ವಾಪಸ್ ಕೊಡ್ತಾನಲ್ಲ, ನಿನ್ನ ಮಗಳೂ ಅವನ ಭಕ್ತೆ. ನಿದ್ದೇನ ಅರ್ಧ ಇಟ್ಕೊಂಡು ಅರ್ಧ ವಾಪಸ್ ಕೊಡ್ತಾಳೆ."

"ನಗಬೇಡಿ ಸಿಸ್ಟರಮ್ಮ. ಏನಾದ್ರೂ ಕಾಯಿಲೆನಾ?"

"ತೂಕ ಏರಿದೆ, ನಗ್ತಾಳೆ, ಹಾಲು ಕುಡೀತಾಳೆ. ಎಲ್ಲಿಂದ ಬರುತ್ತೆ ಕಾಯಿಲೆ? ಈ ವಯಸ್ಸಲ್ಲಿ ಹಗಲು ನಿದ್ದೆ ತುಂಡು ತುಂಡೇ ಇರೋದು. ನಿದ್ದೆ ಅನ್ನೋದು ಒಂದೇ ಸಮ ಇರಲ್ಲಮ್ಮ, ಸುತ್ತು ಸುತ್ತಾಗಿ ಬರುತ್ತೆ. ಕೂಸುಗಳಿಗೆ ಒಂದು ಸುತ್ತು ಅಂದ್ರೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಸುತ್ತು ಮುಗಿದಾಗ ಎಲ್ಲ ಮಕ್ಕಳೂ ಸ್ವಲ್ಪ ಮೇಲೆ ಬಂದು ಕದಲ್ತವೆ, ಊಂ ಅಂತವೆ. ದೊಡ್ಡೋರೂ ಹಾಗೇ, ಮಗ್ಗುಲು ಬದಲಾಯಿಸಿ ಮತ್ತೆ ಮಲಗ್ತೀವಿ. ಮಕ್ಕಳಿಗೆ ಅದು ಇನ್ನೂ ಬಂದಿರಲ್ಲ. ಆರು ತಿಂಗಳಾಗಲಿ, ತಾನೇ ಕಲೀತಾಳೆ."

"ಆರು ತಿಂಗಳಿಗೆ ನನ್ನ ಕುಣೀಲಿ ಮಣ್ಣಿರುತ್ತೆ" ಎಂದಳು ಝಾನ್ಸಿ.

ರತ್ನಕುಮಾರಿ ಚೀಲ ಹೆಗಲಿಗೇರಿಸಿಕೊಂಡು, "ಕದಲಿದ ತಕ್ಷಣ ಎತ್ಕೋಬೇಡ. ಅದು ಎಚ್ಚರ ಆಗಿರಲ್ಲ ಇನ್ನೂ, ಎಚ್ಚರ ಆಗಲೋ ಬೇಡವೋ ಅಂತ ನೋಡ್ತಿರುತ್ತೆ" ಎಂದು ಹೇಳಿ ಹೊರಟುಹೋದಳು.

ನಾನೆಲ್ಲಿ ಎತ್ತಿಕೊಳ್ಳುತ್ತೇನೆ ಎಂದುಕೊಂಡಳು ಝಾನ್ಸಿ. ಕೂಸು ಕದಲಿದರೆ ಮಗ್ಗ ನಿಲ್ಲಿಸಿ ಕಲ್ಲಿನ ಹಾಗೆ ಕೂತಿರುತ್ತೇನೆ. ಉಸಿರೂ ಬಿಡುವುದಿಲ್ಲ.

ರತ್ನಕುಮಾರಿಯ ಮಾತು ತಲೆಯಲ್ಲಿ ಎರಡು ದಿನ ಗುಂಯ್‌ಗುಟ್ಟಿತು. ಮೂರನೇ ದಿನ ಬಟ್ಟೆ ಒಗೆಯುತ್ತ ಕೂತಿದ್ದವಳಿಗೆ, ತವರಿಗೆ ಹೋಗುವ ಬಸ್ಸಿನಲ್ಲಿ ತಾನು ಮಲಗುವುದು ನೆನಪಾಯಿತು. ಹತ್ತಿದ್ದೇ ತಡ ನಿದ್ದೆ. ಕುಲುಕಾಟ, ಹಾರನ್ನು, ಕಂಡಕ್ಟರನ ಬೊಬ್ಬೆ ಯಾವುದಕ್ಕೂ ಎಚ್ಚರವಿಲ್ಲ. ಬಸ್ಸು ನಿಂತ ಕೂಡಲೇ ಮಾತ್ರ ಕಣ್ಣು ತಾನಾಗಿ ತೆರೆಯುತ್ತದೆ. ಏನಾಯ್ತು, ಯಾಕೆ ನಿಂತಿತು ಎಂದು.

ಅವಳ ಕೈಯಲ್ಲಿದ್ದ ಲಂಗೋಟಿ ಬಕೆಟ್ಟಿಗೆ ಬಿತ್ತು. ಮಗ್ಗದ ಸದ್ದಿನಲ್ಲಿ ಮಲಗಿದ ಕೂಸು ಸುತ್ತು ಮುಗಿಸಿ ಮೇಲೆ ಬಂದು, ಎಲ್ಲ ಇದ್ದ ಹಾಗೇ ಇದೆಯೇ ಎಂದು ನೋಡುವ ಹೊತ್ತಿಗೆ ಸರಿಯಾಗಿ ತಾಯಿ ಮಗ್ಗ ನಿಲ್ಲಿಸುತ್ತಾಳೆ. ದಿನಕ್ಕೆ ಮೂರು ಸಲ, ತಪ್ಪದೆ, ಮಗುವಿನ ಮೇಲಿನ ಕಾಳಜಿಯಿಂದಲೇ ಬಸ್ಸು ನಿಲ್ಲಿಸುತ್ತಿದ್ದವಳು ತಾನೇ! ಝಾನ್ಸಿಗೆ ನಗುವೂ ಬಂತು, ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳಬೇಕೆಂದೂ ಅನ್ನಿಸಿತು.

ಪರೀಕ್ಷೆ ಮಾಡಲು ಸಿಕ್ಕಿದ್ದು ಅಮಾವಾಸ್ಯೆಯ ಹಿಂದಿನ ದಿನ. ಅದಕ್ಕೆ ಮುಂಚಿನ ಎರಡು ದಿನ ಮನೆಗೆ ನೆಂಟರು ಬಂದು ಮಗ್ಗಕ್ಕೆ ಕೂರಲಾಗಿರಲಿಲ್ಲ. ಅಂದು ಕೋಟಮ್ಮ ಮೊಮ್ಮಗಳ ನಿದ್ದೆಗೆಂದು ಹರಕೆ ಹೊತ್ತು, ಪಾನಕದ ಬಿಂದಿಗೆ ಹಿಡಿದು ಬೆಟ್ಟ ಹತ್ತಲು ಹೋಗಿದ್ದಳು. ಝಾನ್ಸಿ ಎರಡು ಲಾಳಿ ತೆಗೆದು ಎರಡಕ್ಕೂ ಕಂಡಿಕೆ ತುಂಬಿ ಪಕ್ಕದಲ್ಲಿಟ್ಟುಕೊಂಡಳು. ಒಂದು ಖಾಲಿಯಾದರೆ ತುಂಬಲು ನಿಲ್ಲಬಾರದು, ಇನ್ನೊಂದನ್ನು ತಕ್ಷಣ ಹಾಯಿಸಬೇಕು. ಮೂರು ಕಂಡಿಕೆ ಮುಗಿಯಿತು. ನಾಲ್ಕನೆಯದು ಅರ್ಧಕ್ಕೆ ಬಂತು.

"ಊಂ."

ಝಾನ್ಸಿಯ ಕೈ ತಾನಾಗಿಯೇ ನಿಂತುಬಿಡುವುದರಲ್ಲಿತ್ತು. ತುಟಿ ಕಚ್ಚಿ ಹಗ್ಗ ಎಳೆದಳು. ಲಾಳಿ ಓಡಿತು, ಎಳೆ ಒತ್ತುವ ಹಣಿಗೆ ಬಡಿಯಿತು. ಜೋಲಿಯಿಂದ ಒಂದು ಪುಟ್ಟ ಕೈ ಹೊರಬಂದು ಗಾಳಿಯಲ್ಲಿ ಏನನ್ನೋ ಹುಡುಕಿತು. ಕೂಸು ಇನ್ನೊಂದು ಸಲ ಸಿಡುಕಿತು. ಹೆತ್ತವಳಿಗೆ ಇದು ಸಣ್ಣ ಶಿಕ್ಷೆಯಲ್ಲ. ಎದೆಯಲ್ಲಿ ಹಾಲು ಒಸರಿ ರವಿಕೆ ಒದ್ದೆಯಾಯಿತು. ಗಟ್ಟಿಯಾಗಿ ಅತ್ತರೆ ಎದ್ದೇ ಏಳುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನಲವತ್ತು ಏಟಿನವರೆಗೆ ಎಂದು ಎಣಿಸತೊಡಗಿದಳು. ಮೂವತ್ತೊಂದನೇ ಏಟಿಗೆ ಕೈ ಮೆಲ್ಲಗೆ ಒಳಗೆ ಹೋಯಿತು. ಜೋಲಿ ನಿಂತಿತು.

ಬುಜ್ಜಿ ಅಂದು ಏಳು ಕಂಡಿಕೆ ಮಲಗಿದಳು. ಎದ್ದಾಗ ಅಳಲಿಲ್ಲ, ಜೋಲಿಯೊಳಗೆ ತನ್ನ ಕಾಲ್ಬೆರಳು ಹಿಡಿದುಕೊಂಡು ಏನೋ ಮಾತಾಡುತ್ತಿದ್ದಳು. ಸಂಜೆಯ ನಿದ್ದೆಗೆ ಮಾತ್ರ ಯಾವ ಉಪಾಯವೂ ನಡೆಯಲಿಲ್ಲ, ಅದು ಮೂರೇ ಕಂಡಿಕೆಗೆ ಮುಗಿಯಿತು. ಎಲ್ಲ ನಿದ್ದೆಯೂ ಒಂದೇ ಜಾತಿಯದಲ್ಲ ಎಂದು ಝಾನ್ಸಿ ಅದನ್ನೂ ಕಟ್ಟೆಯ ಮೇಲೆ ಸಾಲಾಗಿಟ್ಟಳು.

ಬೆಟ್ಟದಿಂದ ಇಳಿದು ಬಂದ ಕೋಟಮ್ಮ ಏಳು ಕಂಡಿಕೆಯ ಸಾಲು ನೋಡಿ ಬಿಂದಿಗೆಯನ್ನು ಕಣ್ಣಿಗೊತ್ತಿಕೊಂಡಳು. "ನೋಡಿದ್ಯಾ, ಸ್ವಾಮಿ ಗುಟುಕರಿಸಿದ ಹೊತ್ತಿಗೆ ಸರಿಯಾಗಿ ಇಲ್ಲಿ ಮಲಗಿದಾಳೆ!"

"ಅದು ಪಾನಕ ಅಲ್ಲ ಅತ್ತಯ್ಯ, ನಾನು ಮಗ್ಗ ನಿಲ್ಲಿಸಲಿಲ್ಲ."

"ಮಗು ಅಳ್ತಿದ್ರೂ ನಿಲ್ಲಿಸಲಿಲ್ವಾ?" ಕೋಟಮ್ಮನ ಮುಖ ಬದಲಾಯಿತು. "ಒಳ್ಳೆ ತಾಯಿ ಕಣಮ್ಮ. ಇದಕ್ಕೇ ಹೇಳೋದು, ಕುಣಿ ಮುಚ್ಚಬೇಕು ಅಂತ. ನಾಳೆ ಆಗಿಹೋಗಲಿ."

ಭಾವನಾರಾಯಣ ಸಂಜೆ ಕೆರೆಯಂಚಿನ ಮಣ್ಣು ತಂದು ಬಾಗಿಲ ಬಳಿ ಸುರಿದ. ಝಾನ್ಸಿ ಆ ಗುಡ್ಡೆಯನ್ನು ದಾಟಿಕೊಂಡೇ ನೀರು ತಂದಳು.

ಅಮಾವಾಸ್ಯೆಯ ಬೆಳಿಗ್ಗೆ ಬೀದಿ ಸುಮ್ಮನಾಯಿತು. ಭಾವನಾರಾಯಣ ಗುದ್ದಲಿ ಕೇಳಿ ತರಲು ಹೋದ. ಝಾನ್ಸಿ ಬುಜ್ಜಿಯನ್ನು ಬಹಳ ಹೊತ್ತು ತೂಗಿ ಮಲಗಿಸಿದಳು. ಕೋಟಮ್ಮ ಜೋಲಿಯ ಕೆಳಗೆ ಕಾಲು ಚಾಚಿ ಅಕ್ಕಿ ಆರಿಸುತ್ತ ಕೂತಳು. ಗೋಡೆಯ ಮೇಲೆ ಅವಳ ಗಂಡನ ಪಟ ತೂಗುತ್ತಿತ್ತು. ದಪ್ಪ ಮೀಸೆ, ಬಿಗಿದ ತುಟಿ. ಝಾನ್ಸಿ ಬರುವ ಮೊದಲೇ ತೀರಿಕೊಂಡ ಮನುಷ್ಯ. ಮಗ್ಗದ ಕಡೆ ನೋಡಲಾರದೆ ಝಾನ್ಸಿ ಅವನ ಕಡೆ ನೋಡಿದಳು.

"ಅತ್ತಯ್ಯ, ನಿಮ್ಮ ಮಗ ಚಿಕ್ಕೋರಿದ್ದಾಗ ಹಗಲು ಹೇಗೆ ಮಲಗ್ತಿದ್ರು?"

"ಭಾವನನಾ? ಹಾಕಿದ ಕಡೆ ಬಿದ್ದಿರ್ತಿದ್ದ, ಮೂಟೆ ಹಾಗೆ. ಇದೇ ಮಗ್ಗದ ಪಕ್ಕ, ಇದೇ ತೊಲೆಗೆ ಜೋಲಿ."

"ಯಾರು ನೇಯ್ತಿದ್ರು ಆವಾಗ?"

"ನಿಮ್ಮ ಮಾವಯ್ಯ. ಕೂತ್ರೆ ಎದ್ದೇಳೋ ಜಾತಿನೇ ಅಲ್ಲ ಅದು. ಮಗು ಪಕ್ಕದಲ್ಲೇ ಕುಂಯ್ ಅಂದ್ರೂ ತಲೆ ಎತ್ತಿ ನೋಡಬೇಕಲ್ಲ, ಊಹೂಂ. ದಡ ದಡ ದಡ, ತನ್ನ ಪಾಡಿಗೆ ತಾನು. ನಾನು ಅಡುಗೆಮನೆಯಿಂದ ಕೈ ತೊಳ್ಕೊಂಡು ಓಡಿ ಬರಬೇಕು. ಕಲ್ಲೆದೆ ಕಣೇ ಆ ಮನುಷ್ಯಂದು. ಎಷ್ಟು ಬೈದಿದ್ದೀನಿ ಅಂತೀಯ! ಸಾಯೋವರೆಗೂ ಬೈದಿದ್ದೀನಿ."

"ನೀವು ಓಡಿ ಬಂದಾಗ ಮಗು ಏನು ಮಾಡ್ತಿತ್ತು?"

"ಏನು ಮಾಡುತ್ತೆ? ನಾನು ಬರೋ ಹೊತ್ತಿಗೆ ಮತ್ತೆ ಮಲಗಿ..."

ಕೋಟಮ್ಮನ ಕೈ ಮೊರದ ಮೇಲೆ ನಿಂತಿತು. ಅಕ್ಕಿಯ ನಡುವೆ ಒಂದು ಕಲ್ಲು ಬೆರಳಿಗೆ ಸಿಕ್ಕಿತ್ತು, ಅದನ್ನು ಎಸೆಯುವುದನ್ನೂ ಮರೆತು ಹಿಡಿದುಕೊಂಡಳು. ಝಾನ್ಸಿ ಬಗ್ಗಿ ಮೊರದ ಸುತ್ತ ಚೆಲ್ಲಿದ ಅಕ್ಕಿ ಆಯತೊಡಗಿದಳು. ಅದು ಅವಳ ಜಾಣತನ.

ಆಗ ಎದುರು ಮನೆಯಲ್ಲಿ ಯಾರದೋ ಕೈಜಾರಿ ತಟ್ಟೆ ಬಿತ್ತು. ಜೋಲಿ ಅಲುಗಿತು. "ಊಂ" ಎಂದಿತು. ಗಡಿಯಾರದಲ್ಲಿ ಇನ್ನೂ ಕಾಲು ಗಂಟೆಯಾಗಿತ್ತಷ್ಟೆ. ಝಾನ್ಸಿ ಮಗ್ಗದ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಅಮಾವಾಸ್ಯೆ. ಮುಟ್ಟುವ ಹಾಗಿಲ್ಲ.

ಕೋಟಮ್ಮ ಮೊರ ಕೆಳಗಿಟ್ಟಳು. ಎದ್ದು, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಮಗ್ಗದ ಬಳಿ ಹೋಗಿ ಲಾಳಿ ಎತ್ತಿಕೊಂಡಳು. ಅದರೊಳಗಿನ ಕಂಡಿಕೆಯನ್ನು ತೆಗೆದು ಪಕ್ಕಕ್ಕಿಟ್ಟಳು. "ನೂಲಿಲ್ಲದ ಮೇಲೆ ಅದು ನೇಯ್ಗೆ ಅಲ್ಲ" ಎಂದು ಯಾರಿಗೋ ಸಮಜಾಯಿಷಿ ಹೇಳಿದಳು. ಸೊಸೆಗೋ, ಪಟದವನಿಗೋ, ಅಮಾವಾಸ್ಯೆಗೋ. ಸೊಸೆಗೆ ಬಿಟ್ಟುಕೊಟ್ಟು ಐದಾರು ವರ್ಷದಿಂದ ತಾನು ಇಳಿಯದ ಕುಣಿಗೆ ನಿಧಾನವಾಗಿ ಕಾಲು ಬಿಟ್ಟು ಕೂತಳು. ನಾಲ್ಕು ಬೆರಳು ಆಳ ಹೆಚ್ಚಾಗಿದ್ದ ಕುಣಿಯಲ್ಲಿ ಅವಳ ಕಾಲು ತುದಿಬೆರಳಲ್ಲಿ ತಡಕಾಡಿತು. ಆಮೇಲೆ ಹಗ್ಗ ಎಳೆದಳು.

ಖಾಲಿ ಲಾಳಿ ಓಡಿತು. ಹಣಿಗೆ ಬಡಿಯಿತು. ಇಡೀ ಬೀದಿಯ ಮೌನದಲ್ಲಿ ಆ ಒಂದು ಮಗ್ಗ ದಡ, ದಡ ಎಂದಿತು. ಜೋಲಿಯಿಂದ ಹೊರಬಂದಿದ್ದ ಕೈ ಗಾಳಿಯಲ್ಲಿ ಹುಡುಕಾಡಿತು, ತನ್ನ ಕಿವಿ ತಾನೇ ಹಿಡಿದುಕೊಂಡಿತು, ಸಡಿಲವಾಯಿತು. ಅತ್ತೆ ಸೊಸೆ ಇಬ್ಬರೂ ಆ ಕೈಯನ್ನೇ ನೋಡುತ್ತಿದ್ದರು. ಅದು ಮೆಲ್ಲಗೆ ಒಳಗೆ ಸರಿಯಿತು.

"ಮಲಗಿದಳಾ?" ಕೋಟಮ್ಮ ತುಟಿ ಅಲುಗಿಸಿ ಕೇಳಿದಳು.

ಝಾನ್ಸಿ ಇಣುಕಿ ನೋಡಿ ತಲೆಯಾಡಿಸಿದಳು.

ಹೊರಗೆ ಯಾರೋ, "ಅಮಾವಾಸ್ಯೆ ದಿನ ಯಾರ್ದಮ್ಮಾ ಮಗ್ಗ ಅದು?" ಎಂದು ಕೂಗಿದರು. ಝಾನ್ಸಿ ಬಾಗಿಲಿಗೆ ಓಡಿ, "ನೇಯ್ತಿಲ್ಲ! ಅತ್ತಯ್ಯ ಮಗು ಮಲಗಿಸ್ತಿದ್ದಾರೆ" ಎಂದು ಪಿಸುದನಿಯಲ್ಲೇ ಗದರಿದಳು. ಕೇಳಿದ ಹೆಂಗಸಿಗೆ ಏನೂ ಅರ್ಥವಾಗಲಿಲ್ಲ. ಸಂಜೆಯೊಳಗೆ ಬೀದಿಯ ಬಾಯಲ್ಲೆಲ್ಲ ಇದೇ ಸುದ್ದಿ ಎಂದು ಝಾನ್ಸಿಗೆ ಆಗಲೇ ಗೊತ್ತಾಯಿತು.

ಗುದ್ದಲಿ ಹಿಡಿದು ಬಂದ ಭಾವನಾರಾಯಣ ಬಾಗಿಲಲ್ಲೇ ನಿಂತ. ಮುಚ್ಚಬೇಕಾದ ಕುಣಿಯೊಳಗೆ ಅವನ ತಾಯಿಯೇ ಕೂತಿದ್ದಳು. "ಅಮ್ಮಾ, ಮಣ್ಣು..." ಎಂದ.

"ಹಿತ್ತಲಿಗೆ ಹಾಕು, ಗೋಂಗೂರ ಬಿತ್ತೋಣ" ಎಂದಳು ಕೋಟಮ್ಮ, ಕೈ ನಿಲ್ಲಿಸದೆ. "ಅಟ್ಟದ ಮೇಲೆ ಒಂದು ಹಲಗೆ ಇರಬೇಕು ನೋಡು. ನೀನು ಅಂಬೆಗಾಲಿಡೋವಾಗ ನಿಮ್ಮಪ್ಪ ಮಾಡಿಸಿದ್ದು, ನೇಯ್ದು ಎದ್ದ ಮೇಲೆ ಕುಣಿಗೆ ಮುಚ್ಚೋಕೆ. ಅದನ್ನ ಇಳಿಸಿ ತೊಳೆದಿಡು."

ಗಂಡ ಮಣ್ಣು ತುಂಬಿಕೊಂಡು ಹೋಗುವ ಸದ್ದು ಕೇಳುತ್ತ ಝಾನ್ಸಿ ಗೋಡೆಗೊರಗಿದಳು. ಕಣ್ಣು ಒರೆಸಿಕೊಂಡು ನೋಡಿದರೆ ಅತ್ತೆಯ ಕೆನ್ನೆಯೂ ಒದ್ದೆಯಾಗಿತ್ತು. ಪಟದ ಕಡೆ ತಲೆಯೆತ್ತಿ ಕೋಟಮ್ಮ ಹೇಳುತ್ತಿದ್ದಳು: "ಒಂದು ಮಾತು ಬಾಯಿ ಬಿಟ್ಟು ಹೇಳಬಾರದಿತ್ತಾ? ಕಲ್ಲೆದೆ, ಕಲ್ಲೆದೆ ಅಂತ ಜೀವಮಾನ ಪೂರ್ತಿ ಬೈಸ್ಕೊಂಡ್ಯಲ್ಲ."

ಗಡಿಯಾರದಲ್ಲಿ ಅರ್ಧ ಗಂಟೆ ದಾಟಿತು, ಮುಕ್ಕಾಲು ಗಂಟೆಯೂ ದಾಟಿತು. ಮುದುಕಿ ಹಗ್ಗವನ್ನು ಎಡಗೈಗೆ ಬದಲಾಯಿಸಿಕೊಂಡಳು.

"ಸಾಕು ಅತ್ತಯ್ಯ, ಕೈ ನೋಯುತ್ತೆ. ಏಳಿ, ನಾನು ಕೂತ್ಕೋತೀನಿ."

"ಸುಮ್ನಿರೇ" ಎಂದಳು ಕೋಟಮ್ಮ. "ನಿಲ್ಲಿಸಿದ್ರೆ ಎದ್ದುಬಿಡ್ತಾಳೆ."